‘ಬಹುದು’ ಅಂದ್ರೆ ಎಂತ ಮಾಷ್ಟ್ರೇ?

ವಿಷು ಕಳೆದು ಎರಡು ದಿನ ಆಗಿತ್ತು. 2011ರ ಏಪ್ರಿಲ್, ಭಾನುವಾರ. ಕಾಸರಗೋಡಿನ ಎಣ್ಮಕಜೆಯ ಒಂದು ಸಣ್ಣ ವಾಚನಾಲಯದಲ್ಲಿ ಐವತ್ತು ಅರವತ್ತು ಜನ ಸೇರಿದ್ದೆವು. ಹೊರಗೆ ಉದುರಿಬಿದ್ದ ಗೇರುಹಣ್ಣಿನ ಹುಳಿ ವಾಸನೆ. ಒಳಗೆ ಇದ್ದದ್ದು ಒಂದೇ ಫ್ಯಾನ್, ಅದೂ ಅತಿಥಿಯ ತಲೆಯ ಮೇಲೆ.

ನನಗೆ ಕೊಟ್ಟದ್ದು ಸುಲಭದ ಕೆಲಸ. ಅತಿಥಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಬೇಕು, ಅಷ್ಟೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು ಭಾಷೆ ಮಾತಾಡಿ ಬೆಳೆದ ಕಾಸರಗೋಡಿನವನಿಗೆ ಇದೇನು ದೊಡ್ಡದು ಅಂದುಕೊಂಡಿದ್ದೆ.

ವಿಷಯ ಎಂಡೋಸಲ್ಫಾನ್ ಅನ್ನುವ ಕೀಟನಾಶಕ. ನಮ್ಮಲ್ಲಿ ಆ ಹೆಸರು ಬಂದದ್ದು ಎಷ್ಟೋ ಆಮೇಲೆ. ಅದಕ್ಕೆ ಮೊದಲು ಬರೀ ‘ಮದ್ದು’. ಜ್ವರಕ್ಕೆ ಕುಡಿಯುವುದೂ ಮದ್ದು, ಇದೂ ಮದ್ದು. ಗೇರು ಹೂ ಬಿಡುವ ಹೊತ್ತಿಗೆ ಚಿಗುರಿನ ರಸ ಹೀರುವ ಟೀ ಸೊಳ್ಳೆ ಬರುತ್ತದೆ. ಅದನ್ನು ಕೊಲ್ಲಲು ಗುಡ್ಡದ ಮೇಲಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಮದ್ದು ಬಿಡುತ್ತಿದ್ದರು. 1970ರ ದಶಕದ ಕೊನೆಗೆ ಶುರುವಾದದ್ದು 2000ದವರೆಗೆ ನಡೆಯಿತು, ವರ್ಷಕ್ಕೆ ಎರಡು ಮೂರು ಸಲ. ಗುಡ್ಡದ ಬುಡದಲ್ಲಿ ನಮ್ಮ ಮನೆಗಳು. ಸಣ್ಣವನಿದ್ದಾಗ ಆ ಸದ್ದು ಕೇಳಿದರೆ ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಊರಿನ ಕಾಯಿಲೆಗಳಿಗೆ ಈ ಮದ್ದೇ ಕಾರಣ, ದೇಶದಲ್ಲೇ ಇದನ್ನು ನಿಷೇಧಿಸಬೇಕು ಅನ್ನುವ ಕೂಗು ಎದ್ದದ್ದು ಆಮೇಲೆ.

ಅತಿಥಿ ಹೊರಗಿನ ಊರಿನ ನಿವೃತ್ತ ಕೃಷಿ ವಿಜ್ಞಾನಿ. ಒಳ್ಳೆಯ ಮನುಷ್ಯ, ಇದನ್ನು ಸುಮ್ನೆ ಹೇಳುತ್ತಿಲ್ಲ. “ಇವತ್ತು ವಿಜ್ಞಾನ ಮಾತ್ರ ಮಾತಾಡೋಣ. ನ್ಯಾಯ, ಅನ್ಯಾಯ, ಕನಿಕರ ಎಲ್ಲ ಆಮೇಲೆ” ಅಂತಲೇ ಶುರುಮಾಡಿದರು. ನನಗೆ ಖುಷಿಯೇ ಆಯಿತು. ಕ್ಯಾಮೆರಾ ಹಿಡಿದು ಬಂದು, ಹಾಸಿಗೆ ಹಿಡಿದ ಮಕ್ಕಳ ಮುಖಕ್ಕೆ ಲೈಟು ಬಿಟ್ಟು ಹೋಗುವವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಅವರು ಎತ್ತಿಕೊಂಡದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರ 2003ರ ಒಂದು ಪ್ರಬಂಧ. ಗೇರುತೋಟದ ಕೆಳಗಿನ ಊರಿನ 117 ಹುಡುಗರು, ಮದ್ದು ಬೀಳದ ಕಡೆಯ 90 ಹುಡುಗರು, ಎಲ್ಲ 10ರಿಂದ 19 ವಯಸ್ಸಿನವರು. ಇಬ್ಬರನ್ನೂ ಹೋಲಿಸಿದ್ದರು. ಗೇರುತೋಟದ ಕೆಳಗಿನವರ ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ. ಪ್ರಾಯಕ್ಕೆ ಬರುವ ಲಕ್ಷಣಗಳೂ ಅವರಲ್ಲಿ ತಡ. ಮದ್ದಿನಿಂದಾಗಿ ಹೀಗೆ ತಡವಾಗಬಹುದು, ಆದರೆ ನೋಡಿದ ಮಕ್ಕಳ ಸಂಖ್ಯೆ ಸಣ್ಣದು ಅಂತ ಬರೆದವರೇ ಹೇಳಿದ್ದರು.

ಅತಿಥಿ ಆ ‘ಬಹುದು’ವಿನ ಮೇಲೆ ಬೆರಳಿಟ್ಟರು. “ನೋಡಿ, ಅವರೇ ಖಚಿತವಾಗಿ ಹೇಳಿಲ್ಲ. ಸಾಬೀತಾಗುವ ಮೊದಲೇ ನಿಷೇಧ ಕೇಳುವುದು ವಿಜ್ಞಾನ ಅಲ್ಲ.” ನಾನು ಕನ್ನಡದಲ್ಲಿ ಹೇಳಿದೆ. ಸಾಬೀತಾಗಿಲ್ಲ ಅಂದ ಕೂಡಲೇ ಹಾಲ್‌ನಲ್ಲಿ ಗುಜುಗುಜು. ನಮ್ಮ ಜನರ ಕಿವಿಗೆ ಅದು ಕೋರ್ಟಿನ ಮಾತು. ನೀವು ಸುಳ್ಳು ಹೇಳುತ್ತಿದ್ದೀರಿ ಅಂದ ಹಾಗೆ. ಅವರು ಹೇಳಿದ್ದು ಅದಲ್ಲ, ನಾನು ಹೇಳಿದ್ದೂ ಅದಲ್ಲ.

ಹಿಂದಿನ ಬೆಂಚಿನಿಂದ ಒಬ್ಬರು ಅಕ್ಕ ಎದ್ದರು. ಅವರ ಮಗನಿಗೆ ಆಗ ಇಪ್ಪತ್ತರ ಮೇಲೆ. ಈಗಲೂ ಊಟ ಬಾಯಿಗೆ ಇಡಬೇಕು. “ಬಹುದು ಅಂದ್ರೆ ಎಂತ ಮಾಷ್ಟ್ರೇ? ಹೌದಾ, ಅಲ್ಲವಾ?”

“ಎರಡೂ ಅಲ್ಲ ಅಕ್ಕ. ಆಗಿರುವ ಸಾಧ್ಯತೆ ಉಂಟು ಅಂತ.”

“ಹಾಗಾದ್ರೆ ಕೊಡಪಾನಕ್ಕೆ ಹಲ್ಲಿ ಬಿದ್ದಿರಬಹುದು ಅಂತ ನಾನು ಹೇಳಿದ್ರೆ, ಆ ನೀರು ನೀವು ಕುಡೀತೀರಾ?”

ಜನ ನಕ್ಕರು. ನಾನು ಅದನ್ನು ಇಂಗ್ಲಿಷಿಗೆ ಹಾಕಿದೆ. ಅತಿಥಿಯೂ ನಕ್ಕರು. ನಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ನನ್ನ ತಲೆಗೆ ಹೊಕ್ಕಿದ್ದು ಆಗಲೇ. ರಕ್ತದಲ್ಲಿ ಎಷ್ಟು ಇದೆ ಅನ್ನುವುದು ಯಂತ್ರ ತೋರಿಸುವ ಲೆಕ್ಕ. ಅಲ್ಲಿ ನನ್ನ ಕನಿಕರಕ್ಕೆ ಜಾಗ ಇಲ್ಲ, ಇರಲೂಬಾರದು. ಆದರೆ ‘ಬಹುದು’ ಅಂತ ಗೊತ್ತಾದ ಮೇಲೆ ಮದ್ದು ನಿಲ್ಲಿಸಬೇಕಾ, ಕಾಯಬೇಕಾ? ನಿಲ್ಲಿಸಿದ್ದೇ ತಪ್ಪಾದರೆ ಒಂದಷ್ಟು ಗೇರುಬೀಜ ಹೋಗುತ್ತದೆ. ಕಾದದ್ದು ತಪ್ಪಾದರೆ ಹೋಗುವುದು ಬೇರೆ, ಹೋಗುವುದು ಬೇರೆಯವರದ್ದು. ‘ಸಾಬೀತಾಗುವವರೆಗೆ ಕಾಯೋಣ’ ಅನ್ನುವ ಮಾತೂ ನ್ಯಾಯ ಅನ್ಯಾಯದ ಮಾತೇ ಅಲ್ವಾ? ವಿಜ್ಞಾನದ ಅಂಗಿ ಹಾಕಿಕೊಂಡು ಬಂದಿತ್ತು, ಅಷ್ಟೆ.

ಮತ್ತೆ ಅತಿಥಿಯೇ ಇನ್ನೊಂದು ಹೇಳಿದರು. ಇದನ್ನು ನಿಲ್ಲಿಸಿದರೆ ಬದಲಿಗೆ ಬರುವ ಮದ್ದು ಜೇನುಹುಳಗಳಿಗೆ ಇನ್ನೂ ಕೆಟ್ಟದ್ದು, ಸಣ್ಣ ರೈತನಿಗೆ ದುಬಾರಿ. ಯೋಚಿಸಬೇಕಾದ ಮಾತೇ. ಆದರೆ ಜೇನಿನ ಮೇಲಿನ ಕನಿಕರ ವಿಜ್ಞಾನ, ಮಗನ ಮೇಲಿನದ್ದು ಮಾತ್ರ ಭಾವನೆ ಅಂದರೆ ಹೇಗೆ? ಇದನ್ನು ನಾನು ಕೇಳಲಿಲ್ಲ. ಭಾಷಾಂತರ ಮಾಡುವವನು ನಡುವೆ ಬಾಯಿ ಹಾಕಬಾರದು ಅಂತ ಒಂದು ಮರ್ಯಾದೆ.

ಕೇಳದೆ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 2001ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಕ್ಕಳ ಕೈಯಲ್ಲಿ ಊರಿನ ನಕ್ಷೆ ಬರೆಸಿದ್ದೆ. ಕಾಯಿಲೆಯವರಿದ್ದ ಮನೆಗೆ ಒಂದು ಕೆಂಪು ಬೊಟ್ಟು. ಆ ವರ್ಷ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ ಇಲ್ಲಿನ ನೀರಿನಲ್ಲಿ, ರಕ್ತದಲ್ಲಿ ಮದ್ದಿನ ಅಂಶ ಸಿಕ್ಕಿದೆ ಅಂದಿತ್ತು. ತಮಿಳುನಾಡಿನ ಇನ್ನೊಂದು ಪ್ರಯೋಗಾಲಯ ಇಲ್ಲ ಅಂದಿತ್ತು. ನನಗೆ ಸಿಟ್ಟು. ಆ ಸಿಟ್ಟಿನಲ್ಲಿ ಬೊಟ್ಟು ಜಾಸ್ತಿಯಾದವು. ನಮ್ಮ ಕಡೆಯ ಒಬ್ಬ ಡಾಕ್ಟರು ನಕ್ಷೆ ನೋಡಿ ಒಂದು ಮನೆಯ ಮೇಲೆ ಬೆರಳಿಟ್ಟು ಕೇಳಿದರು, “ಇವರು ಕುಡಿದು ಕುಡಿದು ಲಿವರ್ ಹೋಗಿ ತೀರಿಕೊಂಡದ್ದು. ಇದೂ ಮದ್ದಿನದ್ದಾ?” ಗೊತ್ತಿದ್ದೇ ಇಟ್ಟಿದ್ದೆ ಆ ಬೊಟ್ಟು. ಬ್ಲೇಡಿನಿಂದ ಕೆರೆದು ತೆಗೆದೆ. ಕಾಗದ ತೂತಾಯಿತು.

ಆ ತೂತು ನೆನಪಾಗಿ ಬಾಯಿ ಮುಚ್ಚಿ ಕೂತೆ.

ಮುಂದಿನದ್ದು ಪೇಪರಿನಲ್ಲಿ ಬಂದದ್ದೇ. ಏಪ್ರಿಲ್ 29ಕ್ಕೆ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಕೆಲವು ಬೆಳೆಗಳಿಗೆ ಸ್ವಲ್ಪ ಕಾಲದ ವಿನಾಯಿತಿ ಇಟ್ಟು. ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆಯಿತು. ಅವತ್ತು ಸಂಜೆ ಅದು ಯಾವುದೂ ನಮಗೆ ಗೊತ್ತಿಲ್ಲ.

ಅವತ್ತು ಸಂಜೆ ಗೊತ್ತಿದ್ದದ್ದು ಬಾಯಾರಿಕೆ ಮಾತ್ರ. ಅತಿಥಿಯನ್ನು ಆ ಅಕ್ಕನೇ ಮನೆಗೆ ಕರೆದರು. ಜಗಲಿಯಲ್ಲಿ ಕೂರಿಸಿ ಬೆಲ್ಲ, ಚೆಂಬಿನಲ್ಲಿ ನೀರು ಕೊಟ್ಟರು. ಅತಿಥಿ ಅನುಮಾನ ಮಾಡದೆ ಗಟಗಟ ಕುಡಿದು, ಇಷ್ಟು ತಣ್ಣಗಿನ ನೀರು ಯಾವ ಬಾವಿಯದ್ದು ಅಂತ ಕೇಳಿದರು. ಸಭೆಯಲ್ಲಿ ಅವರೇ ಒಂದು ಮಾತು ಹೇಳಿದ್ದರು: ಮದ್ದು ಬಿಡುವ ಮೊದಲು ಬಾವಿ ಮುಚ್ಚಿಡಿ ಅಂತ ತಿಳಿಸುತ್ತಿದ್ದರಲ್ಲ, ಹಾಗಾಗಿ ನೀರಿಗೆ ಸೇರಿದ್ದು ಕಡಿಮೆಯೇ ಇರಬೇಕು.

ಬಾವಿ ಇಲ್ಲ, ಸುರಂಗ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋದೆವು. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಕಿಂಡಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು. ಒಳಗಿನಿಂದ ಬೆರಳು ಗಾತ್ರದ ನೀರು ಅಡಿಕೆ ದಂಬೆಯಲ್ಲಿ ಹರಿದು ಬಂದು ಮಣ್ಣಿನ ಕೆರೆಗೆ ಬೀಳುತ್ತಿತ್ತು. ಕೆರೆಯ ಮೇಲೆ ಆಕಾಶ, ಅದರಾಚೆ ಗೇರುಗುಡ್ಡ. ಅವರು ಮೊಬೈಲ್ ಟಾರ್ಚ್ ಹಾಕಿ ಒಳಗೆ ಇಣುಕಿದರು. ಆಮೇಲೆ ಕೆರೆ ನೋಡಿದರು. ಗುಡ್ಡ ನೋಡಿದರು.

“ಇದನ್ನು ಹೇಗೆ ಮುಚ್ಚುವುದು?” ಅಂತ ಕೇಳಿದರು.

ನಾನು ಕನ್ನಡದಲ್ಲಿ ಹೇಳಿದೆ.

“ನಾವು ಆಗ ಕೇಳಿದ್ದೂ ಅದನ್ನೇ” ಅಂದರು ಅಕ್ಕ, ಚೆಂಬು ತೊಳೆಯುತ್ತಾ.