ಹೊತ್ತು ಮುಳುಗಿದ ಮೇಲೆ ಏರಿದ ಬಿಸಿ

ಪುಣೆಯ ಪಾಷಾಣ್‌ನಲ್ಲಿ ನಮ್ಮದು ನೆಲಮಹಡಿ ಮನೆ. ಹಿತ್ತಲ ಪೇರಲ ಗಿಡಕ್ಕೆ ಥರ್ಮಾಮೀಟರ್ ಕಟ್ಟಿದ್ದೇನೆ. ಏಪ್ರಿಲ್‌ನ ಒಂದು ಸಂಜೆ ಏಳೂವರೆಗೆ 30 ಡಿಗ್ರಿ ಇತ್ತು. ಎಂಟು ದಾಟಿದಾಗ 32! ಧಾರವಾಡದಿಂದ ಬಂದಿದ್ದ ಅತ್ತೆ, "ಕೆಟ್ಟೇತಿ ಅದು, ಒಗಿ ಅತ್ಲಾಗ" ಅಂದರು.

ಕೆಟ್ಟಿರಲಿಲ್ಲ. ಹೊತ್ತು ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ. ಮೋಡ, ಗಾಳಿ ಎರಡೂ ಇಲ್ಲದಿದ್ದರೆ ನೆಲದ ಪಕ್ಕದ ಗಾಳಿಯೂ ತಂಪಾಗುತ್ತದೆ. ತಂಪು ಗಾಳಿ ಭಾರ ಅಲ್ವಾ, ಸುಮ್ನೆ ಕೆಳಗೇ ಕೂತಿರುತ್ತದೆ. ಅದರ ಮೇಲೆ, ಮಾಳಿಗೆಯ ಎತ್ತರದಲ್ಲಿ, ಹಗಲಿನ ಬಿಸಿ ಇನ್ನೂ ಉಳಿದಿರುತ್ತದೆ. ಆಗ ಗಾಳಿ ಬೀಸಿದರೆ ಎರಡೂ ಬೆರೆತು ಬಿಸಿ ಕೆಳಗಿಳಿಯುತ್ತದೆ. ಅವತ್ತೂ ಪೇರಲ ಎಲೆ ಅಲ್ಲಾಡಿದ ಮೇಲೆಯೇ ಪಾದರಸ ಏರಿದ್ದು.

ರಾತ್ರಿಯ ಇಂಥ ಬಿಸಿಗೆ ಎಲ್ಲರೂ ಕಾಂಕ್ರೀಟನ್ನು ಬೈಯುತ್ತಾರೆ. ಆದರೆ ಅದರ ಕಾವು ಹೆಚ್ಚಾಗಿ ಮಾಡೋದು ಇಷ್ಟೇ: ರಾತ್ರಿ ತಣಿಯುವುದನ್ನು ತಡ ಮಾಡುತ್ತದೆ.