ದಿವಾರ್ ಬಂಡ್ ಮೇಲೆ ಮುರಿದ ಹ್ಯಾಂಗರ್

ಸೆಪ್ಟೆಂಬರ್ ಹುಣ್ಣಿಮೆ. ಹಳೇ ಗೋವಾದ ಧಕ್ಕೆಯಲ್ಲಿ ಬೆಳಿಗ್ಗೆ 7ರ ಫೆರ್ರಿಗೆ 9 ಸೈಕಲ್ ಹತ್ತಿಸಿ ದಿವಾರ್ ದ್ವೀಪಕ್ಕೆ ದಾಟಿದೆವು. ಧಾರವಾಡದಿಂದ ಬಂದ 7 ಜನ, ಮುಂದೆ ಗೈಡ್ ಆಗಿ ನಾನು, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳಲು ಕೊನೆಯಲ್ಲಿ ಸ್ವೀಪ್. 8ಕ್ಕೆ ಪಿಯೆದಾದ್ ಗುಡ್ಡದ ಚರ್ಚ್, 9ಕ್ಕೆ ನಾರ್ವೆ, 10ರೊಳಗೆ ಗದ್ದೆಯ ಬಂಡ್ (ಹೊಳೆ ನೀರು ತಡೆಯುವ ಮಣ್ಣಿನ ಏರಿ) ದಾಟಿ ಡಾಂಬರು ರಸ್ತೆ ಅಂತ ಲೆಕ್ಕ. ಹೊಳೆ ನೀರು ಪೂರ್ತಿ ಏರುವ ಭರತ ಅವತ್ತು ಮಧ್ಯಾಹ್ನದ ಹೊತ್ತಿಗೆ.

ತಡವಾಗಿದ್ದು ನಾರ್ವೆಯ ಕೋಟಿತೀರ್ಥದಲ್ಲಿ. ಗೋವೆಯ ಕದಂಬರು ‘ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂದು ಬಿರುದಿನಲ್ಲೇ ಹೊತ್ತ ದೇವರ ಮೂಲಸ್ಥಾನ ಅದು. ಪೋರ್ಚುಗೀಸರು ಗುಡಿ ಕೆಡವಿದ ಮೇಲೆ ಲಿಂಗ ಹೊಳೆಯಾಚೆಗೆ ಹೋಯಿತು. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ಕನ್ನಡದವರ ಮುಂದೆ ಇದನ್ನು ಹೇಳುವಾಗ ಗಡಿಯಾರ ನೋಡಲು ಮನಸ್ಸಾಗುವುದಿಲ್ಲ. 15 ನಿಮಿಷದ ಜಾಗದಲ್ಲಿ 55 ನಿಮಿಷ ನಿಂತೆ. ಬಂಡ್ ಕೈಬಿಟ್ಟು ಬಂದ ರಸ್ತೆಯಲ್ಲೇ ತಿರುಗಬೇಕಿತ್ತು. ಬ್ರೋಶರ್‌ನಲ್ಲಿ ಬಂಡ್ ಇದೆ, ಬಿಟ್ಟರೆ ಆಫೀಸಿನಲ್ಲಿ ಮಾತು ಕೇಳಬೇಕು ಎಂದು ಮುಂದೆ ನಡೆದೆ.

ಖಜಾನ್ ಗದ್ದೆಯ (ಉಪ್ಪುನೀರಿನ ಹೊಳೆ ಮಗ್ಗುಲಿನ ತಗ್ಗು ಗದ್ದೆ) ಬಂಡ್ ಎಲ್ಲ ಕಡೆ ಒಂದೇ ಎತ್ತರ ಇರುವುದಿಲ್ಲ. ಹೊಳೆ ಏರಿದಾಗ ನೀರಿನ ಒತ್ತಡಕ್ಕೇ ಬಂಡಿನಲ್ಲಿರುವ ಮಾನಸ ಎಂಬ ತೂಬಿನ ಹಲಗೆ ಮುಚ್ಚಿಕೊಳ್ಳುತ್ತದೆ, ಇಳಿದಾಗ ತೆರೆದುಕೊಳ್ಳುತ್ತದೆ. ಅದರ ಮಗ್ಗುಲಿನ ಮಣ್ಣು ಕುಸಿದು ತಗ್ಗಾಗಿರುತ್ತದೆ. ನೀರು ಮೊದಲು ಉಕ್ಕುವುದು ಅಲ್ಲೇ. ನಾವು ತಲುಪಿದಾಗ ಸುಮಾರು 20 ಮೀಟರ್ ಉದ್ದಕ್ಕೂ ಹಿಂದಿನ ರಾತ್ರಿಯ ಭರತ ಬಿಟ್ಟುಹೋದ ಬೂದುಬಣ್ಣದ ಜೇಡಿ. ‘ಇಳಿಯಬೇಡಿ, ನಿಧಾನವಾಗಿ ತುಳಿಯಿರಿ’ ಅಂದೆ. ಇಳಿದು ಹೊತ್ತು ದಾಟಿಸಬೇಕಾದ ಜಾಗ ಅದು. ಜೇಡಿ ಹಿಂದಿನ ಡಿರೇಲರ್‌ನಲ್ಲಿ (ಗೇರು ಬದಲಿಸುವ ಭಾಗ) ಚೈನ್ ಹಾಯುವ ಪುಟ್ಟ ಜಾಕಿ ವೀಲಿಗೂ ಅದನ್ನು ಹಿಡಿದ ಕೇಜಿಗೂ ನಡುವೆ ಗಿಡಿದುಕೊಂಡು ಚೈನ್ ಬಿಗಿಯಿತು. ನಾಲ್ಕನೆಯವರು ಲೋ ಗೇರಿಗೆ ಹಾಕಿ ಎದ್ದು ನಿಂತು ತುಳಿದರು. ಟಪ್ ಅಂತ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿಯುವ ತುಂಡು) ಮುರಿದು ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಂಡಿತು.

ಕಿಟ್‌ನಲ್ಲಿ 3 ಟ್ಯೂಬ್, ಪಂಪ್, ಚೈನ್ ಕಟ್ಟರ್, ಚೈನ್ ಜೋಡಿಸುವ ಕ್ವಿಕ್ ಲಿಂಕ್ ಇದ್ದವು. ಹ್ಯಾಂಗರೂ ಇತ್ತು, ಆದರೆ ಬೇರೆ ಮಾಡೆಲ್‌ನದು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ, ಆಫೀಸಿನವರು ಅಗ್ಗಕ್ಕೆ ಸಿಕ್ಕಂತೆ 4 ಮಾಡೆಲ್ ಕೊಂಡಿದ್ದಾರೆ. ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದೇ: ರಿಪೇರಿಗೆ ಅಲ್ಲೇ ಕೂತೆ. ಐದೇ ನಿಮಿಷದ ಕೆಲಸ ಅನ್ನಿಸಿತ್ತು. ಜೇಡಿ ಮೆತ್ತಿದ ಚೈನಿನ ಪಿನ್ ಕಾಣದೆ ಕಟ್ಟರ್ ಎರಡು ಸಲ ಜಾರಿತು. ಮಂಡಿಯ ಪಕ್ಕದ ಒಣ ಮಣ್ಣು ಒದ್ದೆಯಾಯಿತು. ನೋಡನೋಡುತ್ತಿದ್ದಂತೆ ಕ್ವಿಕ್ ಲಿಂಕ್‌ನ ಪ್ಲಾಸ್ಟಿಕ್ ಪೊಟ್ಟಣ ತೇಲಿ ಗದ್ದೆ ಕಡೆಗೆ ಹೊರಟಿತು. ‘ಅಣ್ಣಾ, ಏಳಿ, ನೀರು ಬಂತು’ ಎಂದು ಸ್ವೀಪ್ ಕೂಗಿದ ಮೇಲೆಯೇ ನಾನು ತಲೆಯೆತ್ತಿದ್ದು. 12 ನಿಮಿಷ ಆಗಿತ್ತು. ಹಿಂದಿನ ಮೂವರ ಪಾದ ನೀರಲ್ಲಿ. ಸೈಕಲ್ ಹೆಗಲಿಗೇರಿಸಿ 300 ಮೀಟರ್ ನಡೆದೆವು.

ಡಾಂಬರು ರಸ್ತೆಯಲ್ಲಿ ಡಿರೇಲರ್ ಬಿಚ್ಚಿ, ಚೈನನ್ನು ಮುಂದಿನ ನಡು ರಿಂಗಿಗೂ ಹಿಂದೆ ಅದರ ನೇರಕ್ಕೆ ಬರುವ ಹಲ್ಲಿಗೂ ಹಾಕಿ, ಹೆಚ್ಚಿನ ಕೊಂಡಿ ಕಡಿದು ಸಿಂಗಲ್ ಸ್ಪೀಡ್ ಮಾಡಿದೆ. ಚೈನ್ ಓರೆಯಾದರೆ ತುಳಿಯುವಾಗ ಪಕ್ಕದ ಹಲ್ಲಿಗೆ ಹಾರುತ್ತದೆ. ಫೆರ್ರಿ ತನಕ ಅಷ್ಟು ಸಾಕಾಯಿತು.

ಈಗ ಪ್ರತಿ ಸೈಕಲ್ಲಿನ ಬದಲಿ ಹ್ಯಾಂಗರನ್ನು ಬೋಲ್ಟ್ ಸಮೇತ ಅದರದೇ ಸೀಟಿನ ಕೆಳಗೆ ಟೇಪ್ ಸುತ್ತಿ ಕಟ್ಟಿದ್ದೇನೆ. ಹುಣ್ಣಿಮೆ, ಅಮಾವಾಸ್ಯೆಯ ಹಿಂದೆ ಮುಂದೆ 2 ದಿನ, ಭರತಕ್ಕೆ 3 ಗಂಟೆ ಬಾಕಿಯಿದ್ದರೆ ಮಾತ್ರ ಬಂಡ್ ಹತ್ತುವುದು. ಬ್ರೋಶರ್ ತಿದ್ದಿ ಎಂದು ಆಫೀಸಿಗೆ ಮೂರು ಸಲ ಬರೆದೆ. ಇನ್ನೂ ತಿದ್ದಿಲ್ಲ.