ಹುಡುಗಿಯರು ಸಂಘಕ್ಕೆ ಬರುತ್ತಾರೆ, ಯಾಕೆ ನಿಲ್ಲುವುದಿಲ್ಲ?

ಪದವೀಧರ ಮಹಿಳೆಯರ ಸಂಘಗಳ ಪದಾಧಿಕಾರಿಗಳು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ನಮ್ಮಲ್ಲಿ ಇರೋರೆಲ್ಲ ಅರವತ್ತು ದಾಟಿದವರು. ಹೊಸಬರನ್ನ ಹೇಗೆ ಸೇರಿಸೋದು?" ಸೇರಿಸುವುದು ಅಂಥ ಕಷ್ಟವೇನಲ್ಲ. ಮಹಿಳಾ ದಿನಾಚರಣೆಯ ದಿನ ಕಾಲೇಜಿನಲ್ಲೊಂದು ಟೇಬಲ್ ಹಾಕಿದರೆ ಇಪ್ಪತ್ತು ಅರ್ಜಿ ಬರುತ್ತವೆ. ಮರುವರ್ಷ ಅವರಲ್ಲಿ ಎಷ್ಟು ಮಂದಿ ಚಂದಾ ಕಟ್ಟಿದರು ಅನ್ನುವುದನ್ನು ಯಾರೂ ಎಣಿಸುವುದಿಲ್ಲ. ಎಣಿಸಬೇಕಾದದ್ದು ಅದೇ.

ಇಂಥ ಸಂಘಗಳು ಹುಟ್ಟಿದ್ದೇ ಎಳೆಯರಿಂದ. 1881ರ ನವೆಂಬರಿನಲ್ಲಿ ಬಾಸ್ಟನ್ನಿನಲ್ಲಿ 17 ಮಂದಿ ಪದವೀಧರೆಯರು ಸೇರಿ ಶುರುಮಾಡಿದ ಕೂಟವೇ ಮುಂದೆ ಅಮೆರಿಕದ ವಿಶ್ವವಿದ್ಯಾಲಯ ಮಹಿಳೆಯರ ಸಂಘವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮೇರಿಯನ್ ಟಾಲ್ಬಟ್‌ಗೆ ಆಗ 23 ವರ್ಷ. ಹೆಚ್ಚು ಓದಿದರೆ ಹೆಣ್ಣಿನ ಆರೋಗ್ಯ ಕೆಡುತ್ತದೆ ಎಂದು ವೈದ್ಯರೇ ಬರೆಯುತ್ತಿದ್ದ ಕಾಲ ಅದು. ಈ ಹುಡುಗಿಯರು ಭಾಷಣ ಮಾಡುತ್ತ ಕೂರಲಿಲ್ಲ. ಪದವೀಧರೆಯರಿಗೆ ಪ್ರಶ್ನಾವಳಿ ಕಳಿಸಿ, ಉತ್ತರ ಕಲೆಹಾಕಿದರು; 1885ರಲ್ಲಿ ಆ ಅಂಕಿಅಂಶ ವರದಿಯಾಗಿ ಹೊರಬಂತು. ಆಗ ಪದವಿ ಪಡೆದ ಹೆಣ್ಣುಗಳೇ ವಿರಳ, ಒಬ್ಬರಿಗೊಬ್ಬರು ಬೇಕಾಗಿದ್ದರು. ಈಗ? ನಮ್ಮ ದೇಶದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ 4.33 ಕೋಟಿ ವಿದ್ಯಾರ್ಥಿಗಳ ಪೈಕಿ 2.07 ಕೋಟಿ ಹೆಣ್ಣುಮಕ್ಕಳು. "ನಾವೂ ಡಿಗ್ರಿ ಮಾಡಿದವರು" ಅನ್ನುವುದೊಂದೇ ಯಾರನ್ನೂ ಹಿಡಿದಿಡುವುದಿಲ್ಲ. ಹಿಡಿದಿಡುವುದು ಕೆಲಸ.

ಹೊಸ ಸದಸ್ಯೆಗೆ ನಾವು ಕೊಡುವ ಕೆಲಸ ಯಾವುದು? ನಿರೂಪಣೆ, ಪ್ರಾರ್ಥನೆ, ಹೂಗುಚ್ಛ ಹಿಡಿದು ನಿಲ್ಲುವುದು, "ಸ್ವಲ್ಪ ಫೇಸ್‌ಬುಕ್‌ಗೆ ಹಾಕಮ್ಮ" ಅನ್ನುವುದು. ವಾರದಲ್ಲಿ ಐದು ದಿನ ಆಫೀಸಿನಲ್ಲಿ ದುಡಿದು ಬಂದವಳಿಗೆ ಇದಕ್ಕಾಗಿ ಭಾನುವಾರ ಬಿಡಬೇಕು ಅನ್ನಿಸುವುದಿಲ್ಲ. ಕೊಟ್ಟರೆ ಮೊದಲೂ ಕೊನೆಯೂ ಇರುವ ಕೆಲಸ ಕೊಡಿ. ಒಂದು ಉದಾಹರಣೆ: ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಅಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಹಿರಿಯ ಮಹಿಳಾ ನೌಕರರದು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಅವಧಿ ಮೂರು ವರ್ಷ ಮೀರುವಂತಿಲ್ಲ, ಹೊರಗಿನವರೊಬ್ಬರು ಇರಬೇಕು. ಊರಿನ ಹನ್ನೆರಡು ಕಾಲೇಜುಗಳಲ್ಲಿ ಆ ಸಮಿತಿಯ ಹೆಸರುಗಳು ನೋಟಿಸ್ ಬೋರ್ಡಿನಲ್ಲಿ ಇವೆಯೇ, ಅವಧಿ ಮುಗಿದಿದೆಯೇ, ಹೊರಗಿನ ಸದಸ್ಯೆ ಯಾರು? ನಾಲ್ವರು, ಆರು ವಾರ, ತಲಾ ಮೂರು ಕಾಲೇಜು, ಓಡಾಟಕ್ಕೆ ₹6,000, ಕೊನೆಗೆ ನಾಲ್ಕು ಪುಟದ ವರದಿ. ಹೊರಗಿನ ಸದಸ್ಯರು ಸಿಗುತ್ತಿಲ್ಲ ಅನ್ನುವ ಕಡೆ ನಿಮ್ಮ ಹಿರಿಯ ಸದಸ್ಯರನ್ನೇ ತರಬೇತಿ ಕೊಟ್ಟು ಕಳಿಸಬಹುದು. ಮಹಿಳೆಯರ ಪರ ಕೆಲಸ ಮಾಡುವ ಸಂಘದವರಿಗೆ ಕಾಯ್ದೆಯಲ್ಲೇ ಜಾಗ ಇದೆ. ಇಬ್ಬರಿಗೂ ಕೆಲಸವಾಯಿತು.

ಹಣ ಕೈಗೆ ಕೊಡಿ. ಆ ಆರು ಸಾವಿರಕ್ಕೆ ಪ್ರತಿ ಬಾರಿ ಖಜಾಂಚಿಯವರ ಮನೆಗೆ ಹೋಗಿ ಚೀಟಿ ತೋರಿಸಬೇಕಾದರೆ ಮೂರನೇ ವಾರಕ್ಕೆ ಕೆಲಸ ನಿಲ್ಲುತ್ತದೆ.

ಇನ್ನು ಹುಡುಕುವುದು ಎಲ್ಲಿ? ಕೊನೆಯ ಸೆಮಿಸ್ಟರಿನವರು ಆರು ತಿಂಗಳಲ್ಲಿ ಊರು ಬಿಡುತ್ತಾರೆ, ಅವರ ಹಿಂದೆ ಬೀಳಬೇಡಿ. ಪದವಿ ಮುಗಿದು ಎರಡು ಮೂರು ವರ್ಷವಾಗಿ, ಕೆಲಸಕ್ಕೆಂದು ನಿಮ್ಮ ಊರಿಗೆ ಬಂದು, ಪಿಜಿಯಲ್ಲೋ ಮಹಿಳಾ ಹಾಸ್ಟೆಲಿನಲ್ಲೋ ಇರುವವರಿಗೆ ಊರಿನಲ್ಲಿ ಪರಿಚಯ ಬೇಕಾಗಿರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಪಟ್ಟಿ ನಿಮ್ಮ ಬೀರುವಿನಲ್ಲೇ ಇದೆ: ಸಂಘದ ವಿದ್ಯಾರ್ಥಿವೇತನ ಪಡೆದವರ ಹಳೆಯ ಅರ್ಜಿಗಳು. ತೆಗೆದು ನೋಡಿದರೆ ಮೊಬೈಲ್ ಸಂಖ್ಯೆಯ ಜಾಗದಲ್ಲಿ ಬಹುಪಾಲು ಅಪ್ಪನ ನಂಬರು! ಈ ವರ್ಷದಿಂದ ಅರ್ಜಿಯಲ್ಲಿ "ನಿಮ್ಮದೇ ಮೊಬೈಲ್" ಎಂದು ಬೇರೆ ಸಾಲು ಹಾಕಿ, ಇಮೇಲ್ ಕೇಳಿ, ಮುಂದೆ ಸಂಪರ್ಕಿಸಬಹುದೇ ಎಂದು ಒಪ್ಪಿಗೆಯನ್ನೂ ಪಡೆಯಿರಿ.

ಸೇರಿದ ಎರಡು ದಿನದೊಳಗೆ ಒಬ್ಬರು ಫೋನ್ ಮಾಡಲಿ, ವಾಟ್ಸ್‌ಆ್ಯಪ್‌ನಲ್ಲಿ ಗುಲಾಬಿ ಹೂವಿನ ಸ್ವಾಗತ ಸಾಲದು. ತಿಂಗಳೊಳಗೆ ಮೂರು ನಾಲ್ಕು ಗಂಟೆಯ ಒಂದು ಕೆಲಸ. ಮೂರನೇ ತಿಂಗಳು ಅವಳ ಅಭಿಪ್ರಾಯ ಕೇಳಿ, ನಡಾವಳಿಯಲ್ಲಿ ಹೆಸರು ಹಾಕಿ ಬರೆದುಕೊಳ್ಳಿ. ವಾಟ್ಸ್‌ಆ್ಯಪ್ ಗುಂಪು ಎರಡು ಮಾಡಿ, ಒಂದು ಪ್ರಕಟಣೆಗೆ, ಒಂದು ಕೆಲಸಕ್ಕೆ. ಶುಭೋದಯಗಳೆಲ್ಲ ಇನ್ನೆಲ್ಲಾದರೂ ಇರಲಿ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟು ಎಳೆಯರು ಬರುವುದಿಲ್ಲ ಅಂದರೆ ಏನು ಹೇಳೋಣ. ಭಾನುವಾರ ಹತ್ತರಿಂದ ಹನ್ನೊಂದೂವರೆ, ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಮುಗಿತಾಯ, ಪಕ್ಕದ ಕೋಣೆಯಲ್ಲಿ ಮಕ್ಕಳಿಗೊಂದು ಜಮಖಾನ. ಮತ್ತೆ, "ಮದುವೆ ಯಾವಾಗಮ್ಮಾ?" ಎಂದು ಪ್ರೀತಿಯಿಂದ ಕೇಳುವ ಹಿರಿಯರಿಗೆ ಯಾರಾದರೂ ಮೆಲ್ಲಗೆ ಹೇಳಬೇಕು. ಈ ಒಂದು ಪ್ರಶ್ನೆ ಓಡಿಸಿದಷ್ಟು ಸದಸ್ಯೆಯರನ್ನು ಚಂದಾ ಓಡಿಸಿಲ್ಲ ಅನ್ನುವುದು ನನ್ನ ಗುಮಾನಿ.

ಚಂದಾ ವಿಷಯ ಬಂತಲ್ಲ. ಆಜೀವ ಸದಸ್ಯತ್ವ ಅನ್ನುವುದು ಸಿಹಿ ಸಾಲ. ₹3,000 ಪಡೆದು ಶೇ. 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ ₹210. ಮಹಾಸಭೆಯ ನೋಟಿಸು, ವಾರ್ಷಿಕ ವರದಿ, ಅಂಚೆ, ಆ ದಿನದ ಊಟ ಅಷ್ಟರಲ್ಲಿ ಆಗುತ್ತದೆಯೇ? ಜೊತೆಗೆ ಎಂದೂ ಬಾರದ ಆಜೀವ ಸದಸ್ಯರಿಂದ ಪಟ್ಟಿ ಉಬ್ಬಿ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಸಿಗುವುದಿಲ್ಲ. ಮೂವತ್ತರ ಒಳಗಿನವರಿಗೆ ಮೊದಲ ವರ್ಷ ಅರ್ಧ ಚಂದಾ, ಯುಪಿಐಯಲ್ಲಿ ತಿಂಗಳಿಗಿಷ್ಟು ಅಂತ ಕಟ್ಟುವ ದಾರಿ ಇರಲಿ. ಊರು ಬಿಟ್ಟವರಿಗೆ ಕಡಿಮೆ ಚಂದಾದ ದೂರದ ಸದಸ್ಯತ್ವ ಇರಲಿ, ಮದುವೆಯಾಗಿ ಹೋದವಳ ಹೆಸರನ್ನು ಅಲ್ಲಿಗೇ ಹೊಡೆದುಹಾಕಬೇಡಿ.

ಯುವ ಘಟಕ ಮಾಡಬೇಕೇ ಎಂದೂ ಕೇಳುತ್ತಾರೆ. ಬೇಡ. ಘಟಕಕ್ಕೆ ಹಣವೂ ಇಲ್ಲ, ಮತವೂ ಇಲ್ಲ. ವಯಸ್ಸು ಮೀರಿದ ದಿನ ಅವರು ಎಲ್ಲಿಗೆ ಹೋಗಬೇಕು? ಬದಲಿಗೆ ಕಾರ್ಯಕಾರಿ ಸಮಿತಿಯಲ್ಲಿ ಮೂವತ್ತೈದರ ಒಳಗಿನವರಿಗೆ ಮತವಿರುವ ಎರಡು ಸ್ಥಾನ ಇಡಿ, ಯಾವ ಹುದ್ದೆಯಲ್ಲೂ ಯಾರೂ ಸತತ ಎರಡು ಅವಧಿಗಿಂತ ಹೆಚ್ಚು ಇರದಂತೆ ನೋಡಿಕೊಳ್ಳಿ. ನಿಯಮಾವಳಿ ತಿದ್ದಿ, ಸಂಘಗಳ ನೋಂದಣಾಧಿಕಾರಿಯವರಲ್ಲಿ ದಾಖಲಿಸಬೇಕು. ತಿದ್ದದೆ ಬಾಯಿಮಾತಿನಲ್ಲಿ ಬಿಟ್ಟರೆ ಮುಂದಿನ ಅಧ್ಯಕ್ಷೆಯ ಕಾಲಕ್ಕೆ ಮರೆತುಹೋಗುತ್ತದೆ. ಚೆಕ್ಕಿಗೆ ಸಹಿ ಹಾಕುವ ಇಬ್ಬರಲ್ಲಿ ಒಬ್ಬಳು ಕಿರಿಯಳಿರಲಿ. ಬ್ಯಾಂಕಿಗೆ ಠರಾವು, ಕೆವೈಸಿ ಎಂದು ಎರಡು ಸಲ ಓಡಾಡಬೇಕಾದೀತು, ಓಡಾಡಿ.

ಚಂದಾ ನವೀಕರಿಸದವರಿಗೆ ಮಾರ್ಚ್ ಕೊನೆಯಲ್ಲಿ ಫೋನ್ ಮಾಡಿ, ಚಂದಾ ಕೇಳದೆ ಮೂರು ಪ್ರಶ್ನೆ ಕೇಳಿ: ಕೊನೆಯ ಸಲ ಯಾವಾಗ ಬಂದಿರಿ, ಆಮೇಲೆ ಯಾಕೆ ಬರಲಿಲ್ಲ, ಯಾವ ಕೆಲಸವಿದ್ದಿದ್ದರೆ ಬರುತ್ತಿದ್ದಿರಿ? ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ವಾದ ಬೇಡ. ಐದು ಮಂದಿ ಒಂದೇ ಮಾತು ಹೇಳಿದರೆ ಅದನ್ನು ಮುಂದಿನ ಸಭೆಯ ಅಜೆಂಡಾದಲ್ಲಿ ಮೊದಲ ವಿಷಯವಾಗಿ ಹಾಕಿ. ಹನ್ನೊಂದನೆಯದಾಗಿ ಹಾಕಿದರೆ ಅಷ್ಟು ಹೊತ್ತಿಗೆ ಕಾಫಿ ಬಂದಿರುತ್ತದೆ.